ಜಿಂಕೆಗೆ ಹೋದವರು ಸೀಳುನಾಯಿಗೆ ಯಾಕೆ ಹೊಡೆದರು?

ಮೊನ್ನೆ ಭಾನುವಾರ ಯಲಹಂಕ ಉಪನಗರದ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. ಅಣ್ಣ ಅಂದರೆ ದೊಡ್ಡಪ್ಪನ ಮಗ. ಆರ್.ಟಿ. ನಗರದಿಂದ ಹೊರಟು ಹೆಬ್ಬಾಳದ ಫ್ಲೈಓವರ್ ದಾಟಿ ಅಲ್ಲಿ ಮುಟ್ಟುವಷ್ಟರಲ್ಲಿ ಅರ್ಧ ಹಸಿವು ಸತ್ತುಹೋಗಿತ್ತು. ಆದರೂ ನಾಟಿ ಕೋಳಿ ಸಾರಿನ ಆಸೆ ಇತ್ತು. ತಟ್ಟೆಗೆ ಬಿದ್ದದ್ದು ಬೇಳೆ ಸಾರು!

"ಕೋಳಿ ಎಲ್ಲಿಂದ ಬರ್ಬೇಕೋ? ಎಲ್ಲಾ ನರಿ ತಿಂದ್ಕೊಂಡು ಹೋಯ್ತು" ಅಂದ ಅಣ್ಣ.

ಅವನು ಹೆಸರಘಟ್ಟದ ಕಡೆ ಒಂದು ಎಕರೆ ತೋಟ ಮಾಡಿದ್ದಾನೆ. ನಾಲ್ಕು ಮಾವು, ಒಂದಿಷ್ಟು ನುಗ್ಗೆ, ಇಪ್ಪತ್ತು ನಾಟಿ ಕೋಳಿ. ಎರಡು ರಾತ್ರಿಯಲ್ಲಿ ಹನ್ನೊಂದು ಕೋಳಿ ಹೋಗಿವೆಯಂತೆ. ತೋಟ ನೋಡಿಕೊಳ್ಳುವವನು ಟಾರ್ಚ್ ಬಿಟ್ಟಾಗ ನರಿಯ ಕಣ್ಣು ಹೊಳೆಯಿತಂತೆ. ಪರಿಹಾರವನ್ನೂ ಅವನೇ ಹೇಳಿದ್ದಾನೆ. ಕೋಳಿ ಕರುಳಿಗೆ ಬೆಳೆಗೆ ಹಾಕುವ ವಿಷ ಸವರಿ ಬೇಲಿ ಪಕ್ಕ ಇಟ್ಟರೆ ಮುಗೀತು. ಅಣ್ಣನಿಗೂ ಅದು ಸರಿ ಅನ್ನಿಸಿದೆ.

ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ, ವಯಸ್ಸು ಎಂಬತ್ತು ದಾಟಿದೆ, ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಹೇಳಿದರು: "ನಮ್ಮ ಕಾಲದಲ್ಲಾಗಿದ್ರೆ ವಿಷ ಗಿಷ ಎಂತದೂ ಇಲ್ಲ ಮಾರಾಯ. ಒಂದೇ ಈಡು."

ಆಮೇಲೆ ಆ ಕಥೆ ಬಂತು. ಚಿಕ್ಕಂದಿನಿಂದ ಕೇಳಿದ ಕಥೆ.

ದೊಡ್ಡಪ್ಪನ ಊರು ಚಿಕ್ಕಮಗಳೂರಿನ ಕಡೆ, ಮುತ್ತೋಡಿ ಕಾಡಿನ ಸೆರಗಲ್ಲಿ. 1960ರ ದಶಕ. ದೊಡ್ಡಪ್ಪ ಮತ್ತು ಅವರ ಸ್ನೇಹಿತರೊಬ್ಬರು ಜಿಂಕೆಗೆ ಅಂತ ತೋಟಾ ಕೋವಿ ಹಿಡಿದು ರಾತ್ರಿಯಿಡೀ ಮರಸು ಕೂತರು. ಒಂದೂ ಬರಲಿಲ್ಲ. ಬೆಳಕು ಹರಿಯುವಾಗ ಕಾಡಿನೊಳಗಿಂದ ಸಿಳ್ಳೆ ಕೇಳಿಸಿತು. ನೋಡಿದರೆ ಏಳೆಂಟು ಸೀಳುನಾಯಿಗಳು ಒಂದು ಹೆಣ್ಣು ಜಿಂಕೆಯನ್ನು ಅಟ್ಟಿಸಿಕೊಂಡು ಬಂದು ಹಳ್ಳದ ನೀರಿಗೆ ಕೆಡವಿದವು. ದೊಡ್ಡಪ್ಪ ಎರಡು ಈಡು ಹೊಡೆದರು. ಎರಡು ನಾಯಿ ಬಿದ್ದವು. ಉಳಿದವು ಹಳುವಿನೊಳಗೆ ಮಾಯ. ಹತ್ತಿರ ಹೋಗಿ ನೋಡಿದರೆ ಬಿದ್ದದ್ದರಲ್ಲಿ ಒಂದು ಹೆಣ್ಣು, ಮೊಲೆ ತುಂಬ ಹಾಲಿತ್ತು.

"ದರಿದ್ರದವು. ಜೀವ ಇರೋವಾಗ್ಲೇ ಹೊಟ್ಟೆ ಬಗೆದು ತಿಂತಾವೆ. ಅವನ್ನ ಬಿಟ್ರೆ ಕಾಡಲ್ಲಿ ಒಂದು ಜಿಂಕೆ ಉಳಿತಿತ್ತಾ?" ಇದು ದೊಡ್ಡಪ್ಪನ ತೀರ್ಮಾನ.

ಅಷ್ಟು ಸಲ ಕೇಳಿದ ಕಥೆಯಲ್ಲಿ ನಾನು ಯಾವತ್ತೂ ಕೇಳದ ಒಂದು ಪ್ರಶ್ನೆ ಇತ್ತು. ಮೊನ್ನೆ ಕೇಳಿದೆ. "ದೊಡ್ಡಪ್ಪ, ಆ ಜಿಂಕೆ ಏನಾಯ್ತು?"

"ಏನಾಗೋದು? ಹೊತ್ಕೊಂಡು ಬಂದ್ವಿ. ಮೂರು ಮನೆಗೆ ಪಾಲಾಯ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಜಿಂಕೆ ಉಳಿಸೋಕೆ ಸೀಳುನಾಯಿಗೆ ಹೊಡೆದವರು ಆ ಜಿಂಕೆಯನ್ನೇ ಹೊತ್ತು ತಂದು ಸಾರು ಮಾಡಿ ತಿಂದಿದ್ದಾರೆ! ಬೇಟೆ ಆಡಿದ್ದು ನಾಯಿ, ಊಟ ಮಾಡಿದ್ದು ನಾವು, ಕಳ್ಳ ಅಂತ ಹೆಸರು ಮಾತ್ರ ನಾಯಿಗೆ...

ನಾನು ಹೇಳಬೇಕಾಗಿರೋದು ಇಷ್ಟೇ. ಬೇಟೆಗೆ ಹೋದವನು ದಾರಿಯಲ್ಲಿ ಸಿಕ್ಕ ಸೀಳುನಾಯಿಗೋ ನರಿಗೋ ಹೊಡೆಯೋದು ಜಿಂಕೆಯ ಮೇಲಿನ ಕರುಣೆಯಿಂದಲ್ಲ. ತನ್ನ ಪಾಲಿಗೆ ಇನ್ನೊಬ್ಬ ಬಂದನಲ್ಲ ಅನ್ನೋ ಸಿಟ್ಟಿನಿಂದ. ಉಳಿದದ್ದೆಲ್ಲ ಆಮೇಲೆ ಹುಡುಕಿಕೊಂಡ ಕಾರಣಗಳು. ಆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಕ್ರೌರ್ಯ. ಹೌದು, ಸೀಳುನಾಯಿ ಬೇಟೆ ಆಡೋದನ್ನು ನೋಡೋಕಾಗಲ್ಲ. ಹುಲಿಯ ಹಾಗೆ ಕುತ್ತಿಗೆ ಹಿಡಿದು ಉಸಿರು ನಿಲ್ಲಿಸುವ ಶಕ್ತಿ ಹದಿನೈದು ಇಪ್ಪತ್ತು ಕೇಜಿಯ ಪ್ರಾಣಿಗಿಲ್ಲ. ಗುಂಪಾಗಿ ಬಿದ್ದು ಹರಿದು ತಿನ್ನುತ್ತದೆ, ಬೇಗ ಬೇಗ ತಿನ್ನುತ್ತದೆ, ಯಾಕಂದರೆ ಹುಲಿಯೋ ಚಿರತೆಯೋ ಬಂದು ಕಿತ್ತುಕೊಳ್ಳಬಹುದು. (ಅಥವಾ ದೊಡ್ಡಪ್ಪ ಬರಬಹುದು.) ಆದರೆ ಗುಂಡು ಹೊಟ್ಟೆಗೆ ಬಿದ್ದ ಜಿಂಕೆ ರಕ್ತ ಸುರಿಸಿಕೊಂಡು ಎರಡು ಮೈಲಿ ಓಡಿ ಎಲ್ಲೋ ಹಳುವಿನಲ್ಲಿ ಮಲಗಿ ಮಾರನೇ ದಿನ ಸಾಯುತ್ತದಲ್ಲ, ಅದನ್ನು ಯಾವ ಶಿಕಾರಿಯೂ ಊಟದ ಹೊತ್ತಿಗೆ ಕಥೆ ಮಾಡಿ ಹೇಳಲ್ಲ.

ಎರಡನೆಯದು ಲೆಕ್ಕ. ಸೀಳುನಾಯಿ ಬಿಟ್ಟರೆ ಜಿಂಕೆ ಮುಗಿದುಹೋಗುತ್ತೆ ಅನ್ನೋದು. ಇದು ಬರೀ ನಮ್ಮ ದೊಡ್ಡಪ್ಪನ ಮಾತಲ್ಲ. ಬ್ರಿಟಿಷರ ಕಾಲದಲ್ಲಿ ಸರ್ಕಾರವೇ ಸೀಳುನಾಯಿಯನ್ನು ಪೀಡೆ ಅಂತ ಎಣಿಸಿ ಕೊಂದವರಿಗೆ ಇನಾಮು ಕೊಡ್ತಿತ್ತು. ಪಕ್ಕದ ನೀಲಗಿರಿಯಲ್ಲಿ ಶಿಕಾರಿಗಳ ಸಂಘ 1877ರಲ್ಲೇ ಹುಟ್ಟಿತ್ತು, ಅವರೂ ಇನಾಮು ಕೊಟ್ಟರು. ಶಿಕಾರಿಯ ಪ್ರಾಣಿಗಳನ್ನು ಕಾಪಾಡೋದು ಅಂದರೆ ಅವನ್ನು ತಿನ್ನೋ ಪ್ರಾಣಿಗಳನ್ನು ಕೊಲ್ಲೋದು ಅಂತ ಅರ್ಥ ಆಗಿತ್ತು.

ಆದರೆ ಒಂದು ಸಣ್ಣ ಪ್ರಶ್ನೆ. ಇವರು ಕೋವಿ ಹಿಡಿದು ಹುಟ್ಟುವ ಮುಂಚೆ ಸಾವಿರಾರು ವರ್ಷ ಸೀಳುನಾಯಿ ಜಿಂಕೆ ತಿಂದುಕೊಂಡೇ ಇತ್ತಲ್ಲ, ಆಗ ಯಾಕೆ ಜಿಂಕೆ ಮುಗೀಲಿಲ್ಲ?

ಎ.ಜೆ.ಟಿ. ಜಾನ್‌ಸಿಂಗ್ ಅವರು 1970ರ ದಶಕದಲ್ಲಿ ನಮ್ಮ ಬಂಡೀಪುರದಲ್ಲೇ ಸೀಳುನಾಯಿಗಳ ಹಿಂದೆ ನಡೆದು ಅಧ್ಯಯನ ಮಾಡಿದರು. ಆಮೇಲೆ ಉಲ್ಲಾಸ ಕಾರಂತರು ಮೆಲ್ ಸನ್‌ಕ್ವಿಸ್ಟ್ ಜೊತೆ ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಏನೇನು ತಿನ್ನುತ್ತವೆ ಅಂತ ಲೆಕ್ಕ ಹಾಕಿ 1995ರಲ್ಲಿ ಪ್ರಕಟಿಸಿದರು. ಮೂರೂ ಒಂದೇ ಕಾಡಿನಲ್ಲಿ ತಿಂದುಕೊಂಡಿದ್ದವು, ಜಿಂಕೆಯ ಹಿಂಡುಗಳೂ ಇದ್ದವು. ಕೊಲ್ಲುವ ಬಾಯಿಗಳು ಮೂರಿದ್ದ ಕಾಡಿನಲ್ಲಿ ಜಿಂಕೆ ಉಳಿದಿದೆ. ಬರೀ ಕೋವಿ, ಉರುಳು ಇದ್ದ ಎಷ್ಟೋ ಕಾಡಿನಲ್ಲಿ ಜಿಂಕೆಯೂ ಇಲ್ಲ, ಸೀಳುನಾಯಿಯೂ ಇಲ್ಲ. ಲೆಕ್ಕ ಯಾರ ಕಡೆ ಇದೆ ಅಂತ ನೀವೇ ಹೇಳಿ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ ಕಯೋಟಿ ಅಂತ ಒಂದು ಪ್ರಾಣಿ ಇದೆ, ನಮ್ಮ ನರಿಯ ದಾಯಾದಿ. ಅಲ್ಲಿ ಜಿಂಕೆ ಬೇಟೆಗೆ ಹೋದವರು ಎದುರಿಗೆ ಬಂದ ಕಯೋಟಿಗೂ ಒಂದು ಗುಂಡು ಹೊಡೆಯೋದು ಇವತ್ತಿಗೂ ಇದೆ. ಕಾರಣ ಕೇಳಿದರೆ ನಮ್ಮ ದೊಡ್ಡಪ್ಪನದೇ ಮಾತು, ಭಾಷೆ ಬೇರೆ. ಅಲ್ಲಿನ ಸರ್ಕಾರವೂ ವರ್ಷಕ್ಕೆ ಹತ್ತಾರು ಸಾವಿರ ಕಯೋಟಿ ಕೊಲ್ಲಿಸುತ್ತೆ. ಇಷ್ಟಾದರೂ ಕಯೋಟಿ 20ನೇ ಶತಮಾನದಲ್ಲಿ ಪಶ್ಚಿಮದ ಬಯಲಿನಿಂದ ಪೂರ್ವದ ಕಡಲ ತೀರದವರೆಗೂ ಹಬ್ಬಿತು. ತೋಳಗಳನ್ನು ಕೊಂದು ಖಾಲಿ ಮಾಡಿಟ್ಟ ಜಾಗಕ್ಕೆ ಇದು ಬಂದು ಕೂತಿತು. ಅದೇ ದೇಶದ ಆಲ್ಡೋ ಲಿಯೊಪೋಲ್ಡ್ ಅನ್ನೋ ಅರಣ್ಯಾಧಿಕಾರಿ ಹುಡುಗನಾಗಿದ್ದಾಗ ಇದೇ ಲೆಕ್ಕ ನಂಬಿ ತೋಳಕ್ಕೆ ಗುಂಡು ಹೊಡೆದಿದ್ದ. ತೋಳ ಹೋದ ಬೆಟ್ಟಗಳಲ್ಲಿ ಜಿಂಕೆ ಹೆಚ್ಚಾಗಿ, ಸಿಕ್ಕಿದ ಚಿಗುರೆಲ್ಲ ಮೇಯ್ದು, ಕೊನೆಗೆ ಹಸಿವಿನಿಂದ ಸತ್ತದ್ದನ್ನು ನೋಡಿ ತಾನು ಮಾಡಿದ್ದು ತಪ್ಪು ಅಂತ ಬರೆದ. 1949ರಲ್ಲಿ ಬಂದ ಅವನ ಪುಸ್ತಕದಲ್ಲಿದೆ. ತಪ್ಪು ಒಪ್ಪಿಕೊಂಡ ಶಿಕಾರಿ ಅಪರೂಪ, ಅದಕ್ಕೇ ಅವನ ಹೆಸರು ಉಳಿದಿದೆ.

ಮೂರನೆಯದು, "ಅದೆಲ್ಲ ಹಳೇ ಕಾಲದ್ದು ಬಿಡೋ, ಈಗ ಯಾರು ಬೇಟೆ ಆಡ್ತಾರೆ" ಅನ್ನೋ ಮಾತು. ಇದು ಅಣ್ಣನದು.

ಹಳೇ ಕಾಲದ್ದಾ? ಕೋವಿ ಹೋಯ್ತು, ವಿಷ ಬಂತು, ಅಷ್ಟೇ. ಕೋವಿಗಾದರೂ ಒಂದು ಗುರಿ ಇರುತ್ತೆ. ವಿಷಕ್ಕೆ ಗುರಿ ಇಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ, ಒಟ್ಟು ಐದು ಒಂದೇ ಕಡೆ ಸತ್ತು ಬಿದ್ದವು. ಹುಲಿ ಕೊಂದ ಹಸುವಿನ ಹೆಣಕ್ಕೇ ವಿಷ ಹಾಕಿದ್ದರು. ಅದೂ ಇದೇ ಲೆಕ್ಕ: ನಮ್ಮದನ್ನು ತಿಂತಲ್ಲ! ಅಣ್ಣನ ಬೇಲಿ ಪಕ್ಕದ ಕೋಳಿ ಕರುಳಿಗೂ ಅದೇ ಬುದ್ಧಿ. ಅದನ್ನು ನರಿಯೇ ತಿನ್ನುತ್ತೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಮುಂಗುಸಿ ತಿನ್ನಬಹುದು, ಹದ್ದು ಎತ್ತಿಕೊಂಡು ಹೋಗಬಹುದು, ಪಕ್ಕದ ತೋಟದವರ ನಾಯಿ ತಿನ್ನಬಹುದು.

ಕಾನೂನನ್ನೂ ಹೇಳಿಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಸೀಳುನಾಯಿ, ತೋಳ, ನರಿ ಎಲ್ಲವೂ ಈಗ ಮೊದಲನೇ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಇಲ್ಲದ ದಂಡ. ಅಣ್ಣ ಇದನ್ನು ಕೇಳಿ "ನರಿಗೂನಾ?" ಅಂತ ಬಾಯಿ ಬಿಟ್ಟ. ಹೌದು, ನರಿಗೂ. ಪ್ರಪಂಚದಲ್ಲಿ ಮರಿ ಹಾಕುವ ವಯಸ್ಸಿನ ಸೀಳುನಾಯಿಗಳು ಹೆಚ್ಚೆಂದರೆ 2,215, ಕಡಿಮೆಯೆಂದರೆ 949 ಅಂತ ಐಯುಸಿಎನ್ ಅಂದಾಜು. ನಮ್ಮ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

ಇನ್ನು ಆ ಹೆಸರಘಟ್ಟದ ನರಿಯ ವಿಷಯ. ಅದು ಅಣ್ಣನ ತೋಟಕ್ಕೆ ಬಂದಿದ್ದಲ್ಲ ಸ್ವಾಮಿ, ಅಣ್ಣ ಅದರ ತೋಟಕ್ಕೆ ಹೋದದ್ದು. ಹೆಸರಘಟ್ಟದ ಹುಲ್ಲುಗಾವಲು ಬೆಂಗಳೂರಿನ ಸುತ್ತ ಉಳಿದ ಕೊನೆಯ ದೊಡ್ಡ ಹುಲ್ಲುಗಾವಲು. ಅದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು. 2024ರ ಅಕ್ಟೋಬರ್‌ನಲ್ಲಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಅಷ್ಟರೊಳಗೆ ಸುತ್ತ ಎಷ್ಟು ಫಾರ್ಮ್‌ಹೌಸ್, ಎಷ್ಟು ಲೇಔಟ್ ಎದ್ದವು ಅಂತ ಆ ರಸ್ತೆಯಲ್ಲಿ ಒಂದು ಸಲ ಹೋದವರಿಗೆ ಗೊತ್ತು. ಯಶವಂತಪುರದಾಚೆಯ ಜಾಲಹಳ್ಳಿಯಲ್ಲೇ ಚಿರತೆ ಇತ್ತು, ಕೆನೆತ್ ಆಂಡರ್ಸನ್ ಬರೆದದ್ದನ್ನು ತೇಜಸ್ವಿ 'ಜಾಲಹಳ್ಳಿಯ ಕುರ್ಕ' ಅಂತ ಕನ್ನಡಕ್ಕೆ ತಂದಿದ್ದಾರೆ. ಇವತ್ತು ಜಾಲಹಳ್ಳಿಯಲ್ಲಿ ಮೆಟ್ರೋ ಸ್ಟೇಷನ್ ಇದೆ. ಇಲ್ಲಿ ಯಾರು ಮನೆಯವರು, ಯಾರು ನೆಂಟರು ಅಂತ ಕೇಳಿಕೊಂಡರೆ ನಮಗೇ ನಾಚಿಕೆ ಆಗಬೇಕು.

ಮತ್ತೆ ನರಿ ಬರೀ ಕೋಳಿ ತಿನ್ನೋದಿಲ್ಲ. ಇಲಿ, ಹೆಗ್ಗಣ, ಸತ್ತ ದನ, ಎಲಚಿ ಹಣ್ಣು, ಸಿಕ್ಕಿದ್ದೆಲ್ಲ ತಿನ್ನುತ್ತೆ. ರಾಗಿ ಹೊಲದ ಇಲಿ ಹಿಡಿದಾಗ ಅದಕ್ಕೆ ಯಾರೂ ಸಂಬಳ ಕೊಡಲಿಲ್ಲ, ಕೋಳಿ ಹಿಡಿದಾಗ ಮಾತ್ರ ಮರಣದಂಡನೆ!

ಒಂದು ಮಾತು ಒಪ್ಪಿಕೊಳ್ಳಬೇಕು. ಕೊಪ್ಪಳದ ಬಯಲಿನಲ್ಲಿ ಕುರಿ ಕಾಯುವವನಿಗೆ ತೋಳ ಒಂದು ಮರಿ ಹೊತ್ತುಕೊಂಡು ಹೋದರೆ ಅದು ಹೊಟ್ಟೆಯ ಪ್ರಶ್ನೆ. ಕಾಡಂಚಿನ ಬಡವನ ಹಸು ಹೋದರೆ ಅವನ ಸಿಟ್ಟು ನ್ಯಾಯವೇ. ಅವನಿಗೆ ಬುದ್ಧಿ ಹೇಳುವ ಯೋಗ್ಯತೆ ಆರ್.ಟಿ. ನಗರದಲ್ಲಿ ಕೂತ ನನಗಿಲ್ಲ. ಅವನಿಗೆ ಪರಿಹಾರದ ಹಣ ತಡ ಮಾಡದೆ ಕೈಗೆ ಬರಬೇಕು, ಅದು ಬಿಟ್ಟು ಪಾಠ ಹೇಳಬಾರದು. ಆದರೆ ನಮ್ಮಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಹನ್ನೊಂದು ಕೋಳಿ ಅವನಿಗೆ ಒಂದು ಸಂಜೆಯ ಹೋಟೆಲ್ ಬಿಲ್ಲು. ಅವನು ಬಡ ಕುರಿಗಾಹಿಯ ಸಿಟ್ಟನ್ನು ಸಾಲ ತಗೊಂಡು ಮಾತಾಡಬಾರದು.

ಮತ್ತೆ ಆ ಕೋಳಿಗೂಡು ನಾನು ನೋಡಿದ್ದೀನಿ. ತಗಡಿನ ಬಾಗಿಲು, ಚಿಲಕದ ಬದಲು ಒಂದು ಹಗ್ಗ. ಕೆಳಗೆ ಮಣ್ಣಿನ ನೆಲ, ಬೆಕ್ಕು ಕೂಡ ನುಗ್ಗುವಷ್ಟು ಸಂದಿ. ಗಟ್ಟಿ ತಂತಿ ಬಲೆ ಹೊಡೆದು, ಬಲೆಯನ್ನು ನೆಲದೊಳಗೆ ಒಂದಡಿ ಹೂತು, ಸಂಜೆಯಾದ ಮೇಲೆ ಕೋಳಿ ಒಳಗೆ ಸೇರಿಸಿ ಚಿಲಕ ಹಾಕಿದರೆ ನರಿ ತೆಪ್ಪಗೆ ಇಲಿ ಹಿಡಿಯೋಕೆ ಹೋಗುತ್ತೆ. ನಮ್ಮಜ್ಜಿ ಕಾಲದಲ್ಲಿ ಸಂಜೆ ಹೊತ್ತು ಕೋಳಿ ಕವುಚಿ ಹಾಕುತ್ತಿದ್ದ ಬಿದಿರಿನ ಪಂಜರಕ್ಕೆ ಇದ್ದ ಬುದ್ಧಿ ಈ ಫಾರ್ಮ್‌ಹೌಸಿಗೆ ಇಲ್ಲ.

ಇದನ್ನೆಲ್ಲ ಊಟದ ಮನೆಯಲ್ಲೇ ಹೇಳಿದೆ. ಕೊನೆಗೆ ಇದನ್ನೂ ಹೇಳಿದೆ: "ನೀನು ವಿಷ ಇಟ್ಟರೆ ಅರಣ್ಯ ಇಲಾಖೆಗೆ ನಾನೇ ಫೋನ್ ಮಾಡ್ತೀನಿ ಅಣ್ಣ."

ಯಾರೂ ಮಾತಾಡಲಿಲ್ಲ. ಅತ್ತಿಗೆ ಮೊಸರನ್ನ ಬಡಿಸಿ ಒಳಗೆ ಹೋದರು. "ಸ್ವಂತ ಅಣ್ಣನ ಮೇಲೆ ಕಂಪ್ಲೇಂಟ್ ಕೊಡ್ತೀಯಾ, ಒಂದು ನರಿಗೋಸ್ಕರ?" ಅಂದ ಅಣ್ಣ. ಹೂಂ ಅಂದೆ. ಅಂದ ಮೇಲೆ ಎದೆ ಡವಡವ ಅಂತಿತ್ತು, ಸುಳ್ಳು ಯಾಕೆ ಹೇಳಲಿ. ಚಿಕ್ಕಂದಿನಲ್ಲಿ ನನಗೆ ಸೈಕಲ್ ಕಲಿಸಿದ ಅಣ್ಣ ಅವನು.

ಚಪ್ಪಲಿ ಹಾಕಿಕೊಳ್ಳುವಾಗ ದೊಡ್ಡಪ್ಪ ಬಾಗಿಲ ತನಕ ಬಂದರು. ಬೈತಾರೆ ಅಂದುಕೊಂಡೆ. "ನಿಂಗೆ ಗೊತ್ತಾ, ಈಗ ಊರ ಕಡೆ ಆ ಸಿಳ್ಳೆ ಕೇಳೋದೇ ಇಲ್ಲ ಅಂತಾರೆ" ಅಂದರು. ಅದನ್ನು ಸಂತೋಷಕ್ಕೆ ಹೇಳಿದರೋ ಬೇಜಾರಿಗೆ ಹೇಳಿದರೋ ನನಗೆ ತಿಳಿಯಲಿಲ್ಲ.

ನಾಲ್ಕು ದಿನ ಆಯ್ತು, ಅಣ್ಣ ಫೋನ್ ಮಾಡಿಲ್ಲ. ನಾನು ಯಶವಂತಪುರದಲ್ಲಿ ಹತ್ತು ಮೀಟರ್ ತಂತಿ ಬಲೆ ತಗೊಂಡು ಇಟ್ಟಿದ್ದೀನಿ. ಈ ಭಾನುವಾರ ಸುತ್ತಿಗೆ, ಮೊಳೆ ಸಮೇತ ತೋಟಕ್ಕೆ ಹೋಗ್ತೀನಿ. ಗೇಟು ತೆಗೆದರೆ ಸರಿ, ತೆಗೆಯದಿದ್ದರೆ ಗೇಟಿನ ಹೊರಗೆ ಬಲೆ ಇಟ್ಟು ಬರ್ತೀನಿ.

ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ ನಾವು "ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ಯಾ" ಅಂತ ಕೇಳ್ತೀವಿ. ನೋಡೋಕೆ ನರಿ ಉಳಿದಿದ್ದರೆ ತಾನೇ?

ನಿಮ್ಮ ಮನೆಯಲ್ಲೂ ಒಬ್ಬ ದೊಡ್ಡಪ್ಪ ಇರಬಹುದು, ಅವರ ಹತ್ತಿರವೂ ಇಂಥ ಒಂದು ಶಿಕಾರಿ ಕಥೆ ಇರಬಹುದು. ಮುಂದಿನ ಸಲ ಕೇಳುವಾಗ ಎಲ್ಲರೂ ನಕ್ಕ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ. ಆ ಜಿಂಕೆ ಆಮೇಲೆ ಯಾರು ತಿಂದರು?