ನಮ್ಮ ಅಂಗಡಿಯವರು ನಿಂತಿದ್ದಾರೆ, ಸರಿ. ಆಮೇಲೆ?

ನೀವು ಜೆರಿಕೋದಲ್ಲೋ, ಪಕ್ಕದ ಹಿಕ್ಸ್‌ವಿಲ್‌ನಲ್ಲೋ ಮನೆ ಮಾಡಿದ್ದೀರಿ ಅಂದ್ಕೊಳ್ಳಿ. ನಿಮ್ಮ ಬಡಾವಣೆಯ ಸಿವಿಕ್ ಅಸೋಸಿಯೇಶನ್ ಬೋರ್ಡಿಗೆ ಊರಿನ ಒಬ್ಬ ವ್ಯಾಪಾರಿ ನಿಂತಿದ್ದಾರೆ. ದಿನಸಿ ಅಂಗಡಿಯೋ, ಹೋಟೆಲ್ಲೋ, ರಿಯಲ್ ಎಸ್ಟೇಟ್ ಆಫೀಸೋ ಇಟ್ಟುಕೊಂಡವರು. ವಾಟ್ಸಾಪ್ ಗ್ರೂಪಿನಲ್ಲಿ ಎರಡು ಮಾತು ಬಂದೇ ಬರುತ್ತೆ. "ನಮ್ಮವರು ಕಣ್ರೀ, ಗೆಲ್ಲಿಸಲೇಬೇಕು" ಅನ್ನೋದು ಒಂದು. "ಲಾಭ ಇಲ್ಲದೆ ವ್ಯಾಪಾರಿ ಯಾಕ್ರೀ ನಿಲ್ತಾನೆ?" ಅನ್ನೋದು ಇನ್ನೊಂದು. ಎರಡೂ ಸೋಮಾರಿ ಮಾತು ಅನ್ನೋದೇ ನನ್ನ ತಕರಾರು. ಮೊದಲನೆಯದೇ ಹೆಚ್ಚು ಅಪಾಯದ್ದು, ಯಾಕಂದ್ರೆ ಅದನ್ನು ಹೇಳೋರು ನಾವು.

ಈ ಅಸೋಸಿಯೇಶನ್ ಅಂದ್ರೆ ಏನು ಅನ್ನೋದನ್ನ ಮೊದಲು ನೋಡೋಣ. ಎಂ.ಎಸ್. ಮಾಡೋಕೆ ಬಂದು ಇಲ್ಲೇ ಉಳಿದ ನಮ್ಮಂಥವರಿಗೆ ಟೌನ್ ಯಾವುದು, ವಿಲೇಜ್ ಯಾವುದು ಅಂತ ತಿಳಿಯೋಕೇ ವರ್ಷಗಳು ಬೇಕು. ಜೆರಿಕೋಗೆ ಮೇಯರ್ ಇಲ್ಲ, ಪಂಚಾಯ್ತಿ ಥರದ್ದೂ ಇಲ್ಲ. ಅದು ಆಯ್‌ಸ್ಟರ್ ಬೇ ಟೌನಿನೊಳಗಿನ ಒಂದು ಹೆಸರು ಅಷ್ಟೆ. ಶಾಲೆಗೆ ಚುನಾಯಿತ ಬೋರ್ಡ್ ಇದೆ, ಮೇ ತಿಂಗಳ ಮೂರನೇ ಮಂಗಳವಾರ ಮತದಾನ. ಯಾವ ಜಾಗದಲ್ಲಿ ಏನು ಕಟ್ಟಬಹುದು, ಎಷ್ಟು ಪಾರ್ಕಿಂಗ್ ಬಿಡಬೇಕು ಅನ್ನೋದೆಲ್ಲ ಟೌನಿನ ತೀರ್ಮಾನ. ಸಿವಿಕ್ ಅಸೋಸಿಯೇಶನ್‌ಗೆ ಕಾನೂನಿನ ಅಧಿಕಾರ ಸೊನ್ನೆ. ಅದರ ಹತ್ತಿರ ಇರೋದು ಒಂದು ಲೆಟರ್‌ಹೆಡ್. ಟೌನ್ ವಿಚಾರಣೆಯಲ್ಲಿ ಎದ್ದು ನಿಂತು "ಇಲ್ಲಿನ ನಿವಾಸಿಗಳ ಅಭಿಪ್ರಾಯ ಇದು" ಅಂತ ಹೇಳುವ ಹಕ್ಕು.

ಅದೇನು ಕಡಿಮೆಯಾ? ಬೆಂಗಳೂರನ್ನ ನೆನೆಸ್ಕೊಳ್ಳಿ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. ವಾರ್ಡಿನ ಪರವಾಗಿ ಮಾತಾಡೋರು ಯಾರು ಅಂದ್ರೆ ನಿವಾಸಿಗಳ ಸಂಘದವರು. ಚುನಾಯಿತರು ಇಲ್ಲದ ಕಡೆ ಲೆಟರ್‌ಹೆಡ್ಡಿಗೆ ಬೆಲೆ ಜಾಸ್ತಿ.

ವ್ಯಾಪಾರಿ ಆ ಬೋರ್ಡಿನಲ್ಲಿ ಇರಬಾರದು ಅಂತ ನಾನು ಹೇಳ್ತಿಲ್ಲ. ಬೆಳಗ್ಗೆ ಶಟರ್ ಎತ್ತಿ ರಾತ್ರಿ ಎಳೆಯೋ ಮನುಷ್ಯನಿಗೆ ಬೀದಿ ಗೊತ್ತಿರುವಷ್ಟು, 7:14ರ ರೈಲು ಹಿಡಿದು ಕತ್ತಲಾದ ಮೇಲೆ ಬರೋ ನಮಗೆ ಗೊತ್ತಿರಲ್ಲ. ಹಿಮ ಎಲ್ಲಿ ಎತ್ತಿಲ್ಲ, ಯಾವ ಅಜ್ಜಿ ಎರಡು ವಾರದಿಂದ ಹಾಲಿಗೆ ಬಂದಿಲ್ಲ, ಎಲ್ಲ ಗೊತ್ತು. ಇನ್ನು ಸ್ವಾರ್ಥ ವ್ಯಾಪಾರಿಗೊಬ್ಬನಿಗೇ ಅನ್ನೋದೂ ಸುಳ್ಳು. ಅಪಾರ್ಟ್‌ಮೆಂಟ್ ಬರಬಾರದು ಅಂತ ಪ್ರತಿ ಸಭೆಯಲ್ಲೂ ಕೂಗುವ ನಿವೃತ್ತ ಮನೆಯೊಡೆಯನ ತಲೆಯಲ್ಲಿ ಇರೋದು ತನ್ನ ಮನೆಯ ಬೆಲೆಯೇ.

ಡೇಟಾ ನನ್ನ ಅನ್ನ, ಹಾಗಾಗಿ ಒಂದು ಸಣ್ಣ ಲೆಕ್ಕ. 300 ಮನೆಯ ಬಡಾವಣೆ ಅನ್ನಿ. ವಾರ್ಷಿಕ ಸಭೆಗೆ 40 ಜನ ಬಂದರು, ಇಬ್ಬರು ಅಭ್ಯರ್ಥಿಗಳು. ಗೆಲ್ಲೋಕೆ 21 ಮತ ಸಾಕು. ಅದೇ ಬಡಾವಣೆಯ 100 ಮನೆಯವರು ಅಂಗಡಿಗೆ ಬರ್ತಾರೆ ಅಂದ್ರೆ, ಐದು ಮನೆಗೊಬ್ಬರನ್ನ "ಸಂಜೆ ಬಂದು ಹೋಗಿ ಸರ್" ಅಂತ ಕರೆದರೆ ಮುಗೀತು. ಕ್ಯಾಶ್ ಕೌಂಟರಿನ ಗಿರಾಕಿ ಪಟ್ಟಿಯೇ ಮತದಾರರ ಪಟ್ಟಿ. ಇದರಲ್ಲಿ ಮೋಸ ಏನೂ ಇಲ್ಲ. ಮನೆಯಲ್ಲೇ ಕೂತ ಆ 260 ಮನೆಯವರು ಕೊಟ್ಟ ಉಡುಗೊರೆ ಅದು.

ಜೆರಿಕೋದಲ್ಲೇ ಇದಕ್ಕೊಂದು ಹಳೇ ಕಥೆ ಇದೆ. ವ್ಯಾಲೆಂಟೈನ್ ಹಿಕ್ಸ್ ಅಂತ ಒಬ್ಬ ವ್ಯಾಪಾರಿ, ಇಲ್ಲಿನ ಕ್ವೇಕರ್ ಸಮುದಾಯದವನು. ಗುಲಾಮಗಿರಿ ವಿರುದ್ಧ ಬೋಧಿಸಿ ಹೆಸರಾದ ಇಲಾಯಸ್ ಹಿಕ್ಸ್‌ನ ಅಳಿಯ. ಓಡಿಬಂದ ಗುಲಾಮರಿಗೆ ಆಸರೆಯಾದ ಮನೆ ಅಂತ ಇವನ ಮನೆಯನ್ನ ಇವತ್ತಿಗೂ ನೆನೀತಾರೆ. ಇವನು 1834ರಲ್ಲಿ ಪಕ್ಕದಲ್ಲಿ ಜಮೀನು ಕೊಂಡ. 1837ರಲ್ಲಿ ಲಾಂಗ್ ಐಲ್ಯಾಂಡ್ ರೈಲು ಸರಿಯಾಗಿ ಆ ಜಾಗಕ್ಕೇ ಬಂತು. ರೈಲು ಕಂಪನಿಯ ಎರಡನೇ ಅಧ್ಯಕ್ಷ ಯಾರು? ಅವನೇ. ಆ ಜಾಗವೇ ಹಿಕ್ಸ್‌ವಿಲ್, ನಾವು ದೋಸೆ ತಿನ್ನೋಕೆ ಹೋಗೋ ಊರು. ರೈಲು ಬಂದಿದ್ದು ಒಳ್ಳೇದೇ ಆಯ್ತು, ಮನುಷ್ಯನೂ ಗೌರವಸ್ಥ. ಆದರೂ ಜಮೀನಿನ ಯಜಮಾನನೂ ರೈಲಿನ ಯಜಮಾನನೂ ಒಬ್ಬನೇ ಆದಾಗ "ಯಾರ ಪರವಾಗಿ ಮಾತಾಡ್ತಿದ್ದೀರಿ?" ಅಂತ ಕೇಳೋದು ಅವಮಾನ ಅಲ್ಲ.

ಕೇಳದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಅಷ್ಟು ಹಿಂದೆ ಹೋಗೋದೂ ಬೇಡ. ಹರೇಂದ್ರ ಸಿಂಗ್, ಭಾರತ ಮೂಲದ ಹೋಟೆಲ್ ಉದ್ಯಮಿ. ನಮ್ಮದೇ ಆಯ್‌ಸ್ಟರ್ ಬೇ ಟೌನಿನ ಜಾಗಗಳಲ್ಲಿ ಊಟ-ತಿಂಡಿಯ ಗುತ್ತಿಗೆ ಅವರದ್ದು. ಅವರ ನಾಲ್ಕು ಖಾಸಗಿ ಸಾಲಗಳಿಗೆ, ಒಟ್ಟು 2 ಕೋಟಿ ಡಾಲರಿಗೂ ಹೆಚ್ಚು, ಟೌನ್ ಪರೋಕ್ಷವಾಗಿ ಜಾಮೀನು ನಿಂತು ಅದನ್ನು ಬಾಂಡ್ ಕೊಂಡವರಿಂದ ಮುಚ್ಚಿಟ್ಟಿತ್ತು ಅಂತ 2017ರಲ್ಲಿ ಫೆಡರಲ್ ಷೇರು ನಿಯಂತ್ರಣ ಆಯೋಗ ಕೇಸು ಹಾಕಿತು. ಸಿಂಗ್ 2016ರಲ್ಲೇ ಲಂಚ ಕೊಟ್ಟಿದ್ದನ್ನ ಒಪ್ಪಿಕೊಂಡಿದ್ದರು. ಕೌಂಟಿ ಮುಖ್ಯಸ್ಥ ಎಡ್ವರ್ಡ್ ಮಂಗಾನೊ ಅವರ ಹೆಂಡತಿಗೆ ಸಿಂಗ್ ಅವರ ಹೋಟೆಲಿನಲ್ಲಿ ಕೆಲಸ ಮಾಡದೇ ಸಂಬಳ, 4 ಲಕ್ಷ ಡಾಲರಿಗೂ ಮೀರಿ. 2019ರಲ್ಲಿ ಜ್ಯೂರಿ ಗಂಡ-ಹೆಂಡತಿ ಇಬ್ಬರನ್ನೂ ಹಲವು ಆರೋಪಗಳಲ್ಲಿ ತಪ್ಪಿತಸ್ಥರು ಅಂತು. ಟೌನ್ ಸೂಪರ್‌ವೈಸರ್ ವೆಂಡಿಟ್ಟೊ ಮಾತ್ರ 2018ರ ಫೆಡರಲ್ ವಿಚಾರಣೆಯಲ್ಲಿ ಖುಲಾಸೆಯಾದರು, ಅದನ್ನೂ ಹೇಳಬೇಕು.

ನಿಮ್ಮ ಬಡಾವಣೆಯ ಅಂಗಡಿಯವರು ಹಾಗೆ ಅಂತ ಖಂಡಿತ ಅಲ್ಲ. ಅಲ್ಲಿ ಕೋಟಿಗಳ ಮಾತು, ಇಲ್ಲಿ ಒಂದು ಪತ್ರದ ಮಾತು. ಆದರೆ ಎರಡೂ ಕಡೆ ಬೇಕಿರೋದು ಒಂದೇ, ಯಾರಿಗೆ ಎಲ್ಲಿ ಏನು ಸಂಬಂಧ ಇದೆ ಅನ್ನೋದು ಕಾಗದದ ಮೇಲೆ ಇರೋದು.

"ಅದಕ್ಕೆ ಕಾನೂನು ಇದೆಯಲ್ಲ?" ಅಂತೀರಾ. ಅರ್ಧ ಇದೆ. ನ್ಯೂಯಾರ್ಕ್ ರಾಜ್ಯದ ಲಾಭರಹಿತ ಸಂಸ್ಥೆಗಳ ಕಾನೂನಿನಲ್ಲಿ 2014ರಿಂದ 715-ಎ ಅಂತ ಸೆಕ್ಷನ್ ಇದೆ. ನೋಂದಾಯಿತ ಸಂಸ್ಥೆಗೆ ಹಿತಾಸಕ್ತಿ ಸಂಘರ್ಷದ ಲಿಖಿತ ನೀತಿ ಇರಬೇಕು. ನಿರ್ದೇಶಕರಾಗೋರು ಆಯ್ಕೆಗೆ ಮೊದಲೇ, ಆಮೇಲೆ ಪ್ರತಿ ವರ್ಷ, ತಮ್ಮ ಸಂಬಂಧಗಳನ್ನ ಬರೆದು ಸಹಿ ಹಾಕಿ ಕೊಡಬೇಕು. ವಿಷಯ ತಮ್ಮದಾದಾಗ ಚರ್ಚೆಯಿಂದಲೂ ಮತದಿಂದಲೂ ಹೊರಗಿರಬೇಕು. ನೋಂದಣಿಯೇ ಇಲ್ಲದ ಸಂಘಕ್ಕೆ ಇದು ಅನ್ವಯಿಸಲ್ಲ. ನೋಂದಣಿ ಇದ್ದರೂ, ಆ ಬರೆದುಕೊಡುವ ಹೇಳಿಕೆ ಕೇಳೋದು ಸಂಸ್ಥೆಯ ಜೊತೆಗಿನ ವ್ಯವಹಾರವನ್ನ. ಸಂಘದ ಪಿಕ್ನಿಕ್‌ಗೆ ಸಮೋಸ ಕೊಟ್ಟರೆ ಬರೆಯಬೇಕು. ಎರಡು ಬ್ಲಾಕ್ ಆಚೆ ಎದುರಾಳಿ ಅಂಗಡಿ ಬರೋಕೆ ಟೌನಿನಲ್ಲಿ ಅರ್ಜಿ ಹಾಕಿದಾಗ, "ಟ್ರಾಫಿಕ್ ಜಾಸ್ತಿಯಾಗುತ್ತೆ, ನಿವಾಸಿಗಳ ವಿರೋಧ ಇದೆ" ಅಂತ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಹೋದರೆ? ಅದು ಸಂಘದ ಜೊತೆಗಿನ ವ್ಯವಹಾರವೇ ಅಲ್ಲ! ನಿಜವಾದ ಲಾಭ ಇರೋದು ಅಲ್ಲೇ. ಈ ತೂತನ್ನ ಮುಚ್ಚೋದು ಸಂಘದ ಬೈಲಾ ಮಾತ್ರ, ಅದನ್ನ ಬರೆಸೋರು ಸದಸ್ಯರು.

ಇನ್ನು "ನಮ್ಮವರು" ವಿಚಾರ. ನಮ್ಮ ಮುಖದ ಒಬ್ಬರು ಬೋರ್ಡಿನಲ್ಲಿ ಇರಬೇಕು ಅನ್ನೋ ಆಸೆ ನನಗೂ ಇದೆ, ಅದು ಸಣ್ಣದಲ್ಲ. ಆದರೆ ನಮ್ಮವರು ಅನ್ನೋ ಕಾರಣಕ್ಕೇ ಪ್ರಶ್ನೆ ಕೇಳದೆ ಬಿಡೋದು ಅವರಿಗೆ ಮಾಡೋ ಉಪಕಾರ ಅಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ "ಇಂಡಿಯನ್ಸ್ ಹೀಗೇ" ಅಂತ ಬೇರೆಯವರು ಅಂದಾಗ ತೋರಿಸೋಕೆ ಅವರ ಕೈಯಲ್ಲಿ ಒಂದು ಹಾಳೆಯೂ ಇರಲ್ಲ.

ಈ ಶನಿವಾರ ಕೊತ್ತಂಬರಿ ತರೋಕೆ ಹೋದಾಗ ಅಲ್ಲೇ ಕೇಳಿ, ಸಲಿಗೆ ಇದೆಯಲ್ಲ. ಸುತ್ತಮುತ್ತ ನಿಮ್ಮ ಹೆಸರಲ್ಲಿ, ಮನೆಯವರ ಹೆಸರಲ್ಲಿ ಯಾವ ಕಟ್ಟಡ, ಯಾವ ಲೀಸ್ ಇದೆ? ಟೌನ್ ಮುಂದೆ ಅರ್ಜಿ ಏನಾದ್ರೂ ಬಾಕಿ ಇದೆಯಾ? ನಿಮ್ಮದೋ ನಿಮ್ಮ ಎದುರಾಳಿಯದೋ ವಿಷಯ ಬಂದಾಗ ಎದ್ದು ಹೊರಗೆ ಹೋಗ್ತೀರಾ, ಬರೆದುಕೊಡ್ತೀರಾ? ಎದುರು ನಿಂತಿರೋ ಮನೆಯೊಡೆಯರಿಗೂ ಇದನ್ನೇ ಕೇಳಿ. ಬರೆದುಕೊಟ್ಟರೆ ಸಭೆಗೆ ಹೋಗಿ ಕೈ ಎತ್ತಿ, ಪಕ್ಕದ ಮನೆಯವರನ್ನೂ ಕರ್ಕೊಂಡು ಹೋಗಿ. "ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ನಕ್ಕು ಬಿಲ್ ಕೊಟ್ಟರೆ, ಕೊತ್ತಂಬರಿ ತಗೊಳ್ಳಿ, ಮತ ಬೇರೆಯವರಿಗೆ ಹಾಕಿ.