ಮಹಾರಾಜಾ ಕಾಲೇಜಿನ ಚರಿತ್ರೆ ಯಾರ ಸ್ವತ್ತು?

ಮೈಸೂರಿನ ಮಹಾರಾಜಾ ಕಾಲೇಜಿನ ಹೆಸರೆತ್ತಿದರೆ ಸಾಕು, ನಮ್ಮ ಭಾಷಣಕಾರರಿಗೆ ಕೆಲವು ಹೆಸರುಗಳು ಬಾಯಿಪಾಠವಾಗಿ ಬರುತ್ತವೆ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದರೆಂಬ ಕಥೆ ಬರುತ್ತದೆ. ಬಿ.ಎಂ.ಶ್ರೀ., ವೆಂಕಣ್ಣಯ್ಯ, ಹಿರಿಯಣ್ಣ, ಕುವೆಂಪು ಬರುತ್ತಾರೆ. ಚಪ್ಪಾಳೆ ಬೀಳುತ್ತದೆ, ಸಭೆ ಮುಗಿಯುತ್ತದೆ. ಆ ಸಾರೋಟು ಎಳೆದ ಹುಡುಗರು ಯಾರು, ಯಾವ ಊರಿನಿಂದ ಬಂದವರು, ಆಮೇಲೆ ಏನಾದರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ನಾವು ಕೇಳುತ್ತಿದ್ದೇವೆ. ದೊಡ್ಡವರನ್ನು ಸಣ್ಣವರನ್ನಾಗಿ ಮಾಡಬೇಕೆಂಬ ಉದ್ದೇಶ ನಮಗಿಲ್ಲ. ಆದರೆ ಒಂದು ಕಾಲೇಜನ್ನು ಹತ್ತು ಹೆಸರುಗಳಿಗೆ ಇಳಿಸಿಬಿಟ್ಟರೆ ಉಳಿದ ಸಾವಿರಾರು ಜನರ ಬಾಳು ಕಾಲಕಸವಾಗುತ್ತದೆ.

ಈ ಸಂಸ್ಥೆಯ ಬೇರು ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆಯಲ್ಲಿದೆ. ಬೆಳೆದು ಕಾಲೇಜಾದ ಮೇಲೆ ಮದರಾಸು ವಿಶ್ವವಿದ್ಯಾನಿಲಯದ ಪದವಿಗೆ ಪಾಠ ಹೇಳಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಇದು ಅದರ ಎರಡು ಕಂಬಗಳಾದುವು. ಹೆಸರು ಮಹಾರಾಜರದು, ನಿಜ. ಖರ್ಚು ನಡೆದದ್ದು ರಾಜ್ಯದ ಬೊಕ್ಕಸದಿಂದ. ಬೊಕ್ಕಸ ತುಂಬಿದ್ದು ಕಂದಾಯ ಕಟ್ಟಿದ ರೈತನಿಂದ. ಆದ್ದರಿಂದ ಅದರ ಚರಿತ್ರೆಯಲ್ಲಿ ಅವನಿಗೂ ಪಾಲುಂಟು.

ಆ ರೈತನ ಮಗ ಕಾಲೇಜಿನ ಮೆಟ್ಟಿಲು ಹತ್ತಿದ್ದು ಯಾವಾಗ? ಸರ್ಕಾರಿ ಕೆಲಸಗಳಲ್ಲಿ ಒಂದೇ ಜಾತಿಯವರು ತುಂಬಿದ್ದರೆಂಬ ದೂರು ಬಂದು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು; ಮರುವರ್ಷ ವರದಿ ಬಂತು. ಹಿಂದುಳಿದವರಿಗೆ ಓದಲು ನೆರವು, ನೌಕರಿಯಲ್ಲಿ ಪಾಲು ಎಂಬ ಮಾತು ಅಧಿಕೃತವಾಗಿ ಕೇಳಿಬಂದದ್ದು ಆಗ. ಅದರ ಫಲ ಎಷ್ಟು ಸಿಕ್ಕಿತು, ಯಾರಿಗೆ ಸಿಕ್ಕಿತು, ಯಾರು ಗೇಟಿನ ಹೊರಗೇ ಉಳಿದರು ಎಂಬುದನ್ನು ತಿಳಿಯಲು ಭಾಷಣಗಳಿಂದ ಪ್ರಯೋಜನವಿಲ್ಲ. ದಾಖಲಾತಿ ರಿಜಿಸ್ಟರು, ಫೀಸು ಮಾಫಿಯ ಅರ್ಜಿ, ಹಾಸ್ಟೆಲಿನ ಊಟದ ಲೆಕ್ಕ, ಇವು ಬೇಕು. ಹಳ್ಳಿಯ ಹೆಸರು, ತಂದೆಯ ಕಸುಬು, ಓದು ಬಿಟ್ಟ ದಿನ ಇವೆಲ್ಲ ಸಿಗುವುದು ಇಂಥ ಕಾಗದಗಳಲ್ಲಿ. ಕಚೇರಿಗಳಲ್ಲಿ ಹಳೆಯ ಕಡತಗಳಿಗೆ ಆಗುವ ಗತಿ ನಮ್ಮ ಓದುಗರಿಗೆ ಗೊತ್ತು: ಗೆದ್ದಲಿಗೆ ಅರ್ಧ, ರದ್ದಿಗೆ ಅರ್ಧ.

ಮಲೆನಾಡಿನಿಂದ ಬಂದು ರಾಮಕೃಷ್ಣಾಶ್ರಮದಲ್ಲಿದ್ದುಕೊಂಡು ಓದಿದ ಕುವೆಂಪು, ಅದೇ ಕಾಲೇಜಿನಲ್ಲಿ ಅಧ್ಯಾಪಕರಾಗಿ 1955ರಲ್ಲಿ ಪ್ರಿನ್ಸಿಪಾಲರೂ ಆದರು. ತಮ್ಮ ಕಥೆಯನ್ನು ‘ನೆನಪಿನ ದೋಣಿಯಲ್ಲಿ’ ಬರೆದಿಟ್ಟರು. ಹಿರಿಯಣ್ಣನವರ ತರಗತಿಯ ಪಾಠ 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಜಗತ್ತಿನ ಕೈಸೇರಿತು. ಪುಸ್ತಕ ಬರೆಯದ ಮೇಷ್ಟರ ಪಾಠ ಎಲ್ಲಿದೆ? ಯಾವುದೋ ಊರಿನ ಅಟ್ಟದ ಮೇಲೆ, ಶಿಷ್ಯನೊಬ್ಬನ ಟಿಪ್ಪಣಿ ಪುಸ್ತಕದಲ್ಲಿ. ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿಹಳ್ಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟ ಕಾಲವೊಂದಿತ್ತು. ಅವು ಚಿಕ್ಕ ಪುಸ್ತಕಗಳಾಗಿಯೂ ಬಂದುವು. ಅವನ್ನು ಕಟ್ಟೆಯ ಮೇಲೆ ಕುಳಿತು ಕೇಳಿದವರು ಏನೆಂದರು ಎಂಬುದೂ ಕಾಲೇಜಿನ ಚರಿತ್ರೆಯೇ. ಗಂಟೆ ಹೊಡೆದ ಜವಾನ, ಹಾಸ್ಟೆಲಿನ ಅಡಿಗೆಯವನು, ಪುಸ್ತಕ ಭಂಡಾರದ ಧೂಳು ಕೊಡವಿದವನು, ಇವರಿಗೆ ಯಾವ ಗೋಡೆಯ ಮೇಲೆ ಪಟವಿದೆ?

ಚರಿತ್ರೆಯೆಂದರೆ ಹೊಗಳಿಕೆಯೂ ಅಲ್ಲ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನ ಬೀದಿಯಲ್ಲಿ ಗುಂಡಿಗೆ ಬಲಿಯಾದ ಶಾಲಾ ಬಾಲಕ ರಾಮಸ್ವಾಮಿಯ ಹೆಸರು ಒಂದು ವೃತ್ತಕ್ಕೆ ಉಳಿಯಿತು. ಆ ದಿನಗಳಲ್ಲಿ ತರಗತಿ ಬಿಟ್ಟು ಬಂದ ಕಾಲೇಜು ಹುಡುಗರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? 1973ರ ನವೆಂಬರಿನಲ್ಲಿ ಸಚಿವ ಬಸವಲಿಂಗಪ್ಪನವರ ಮಾತಿನ ಮೇಲೆ ಎದ್ದ ಬೂಸಾ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಅದನ್ನು ಮರೆತು ಬರೆಯುವ ಯಾವ ಸ್ಮರಣ ಸಂಚಿಕೆಯೂ ಅರ್ಧ ಸುಳ್ಳು.

ಕಟ್ಟಡಗಳ ಸ್ಥಿತಿಯೂ ಎಚ್ಚರಿಕೆ ಕೊಡುತ್ತಿದೆ. ಅದೇ ಊರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ 2022ರ ಅಕ್ಟೋಬರಿನಲ್ಲಿ ಕುಸಿಯಿತು. ಕಲ್ಲು ಬಿದ್ದರೆ ಸದ್ದಾಗುತ್ತದೆ, ನಾಲ್ಕು ಜನ ಓಡಿಬರುತ್ತಾರೆ. ಕಾಗದ ಕೊಳೆತರೆ, ಮುದುಕರೊಬ್ಬರು ತೀರಿಕೊಂಡರೆ ಸದ್ದೇ ಇಲ್ಲ.

ಇನ್ನೊಂದು ಮಾತು. ಇಂದು ನಾಡಿನ ಕಾಲೇಜುಗಳಲ್ಲಿ ಪಾಠದ ಭಾರವನ್ನು ಬಹುಮಟ್ಟಿಗೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಹತ್ತು ಹದಿನೈದು ವರ್ಷ ಪಾಠ ಹೇಳಿದರೂ ಅವರು ಅತಿಥಿಗಳೇ. ಖಾಯಂ ನೌಕರರ ಪಟ್ಟಿಯಲ್ಲಿ ಅವರಿಲ್ಲ. ನೂರು ವರ್ಷದ ಹಿಂದಿನ ಗುರುಗಳಿಗೆ ಹಾರ ಹಾಕಿ, ಇಂದಿನ ಗುರುವಿಗೆ ತಿಂಗಳ ಸಂಬಳದ ಭರವಸೆಯನ್ನೂ ಕೊಡದ ಆಡಳಿತ ಪರಂಪರೆಯ ಮಾತಾಡುವುದು ಯಾವ ಬಾಯಿಂದ?

ನಮ್ಮ ಬೇಡಿಕೆ ಸರಳ. ಕಾಲೇಜಿನ ಹಳೆಯ ದಾಖಲೆಗಳ ಪಟ್ಟಿ ತಯಾರಾಗಲಿ. ಒಂದು ಹಾಳೆಯೂ ಪರಿಶೀಲನೆಯಿಲ್ಲದೆ ರದ್ದಿಗೆ ಹೋಗದಿರಲಿ. ಹಳೆಯ ವಿದ್ಯಾರ್ಥಿಗಳ, ಅಧ್ಯಾಪಕರ, ಜವಾನರ ಮಾತುಗಳನ್ನು ಅವರು ಬದುಕಿರುವಾಗಲೇ ಧ್ವನಿಮುದ್ರಿಸಲಿ. ಇದಕ್ಕೆ ಸಂಬಳದ ನೌಕರರಿರಲಿ. ಪುಕ್ಕಟೆ ಸೇವೆಯ ಹೆಸರಿನಲ್ಲಿ ವಿದ್ಯಾರ್ಥಿಗಳ ಬೆನ್ನಿಗೆ ಹೇರುವುದು ಬೇಡ. ಸಂಗ್ರಹದ ಬೀಗದ ಕೈ ಸಾರ್ವಜನಿಕರಿಗೆ ಸಿಗುವಂತಿರಲಿ. ಅತಿಥಿ ಉಪನ್ಯಾಸಕರಿಗೆ ಕೆಲಸದ ಭದ್ರತೆಯೂ ದಾಖಲೆಯಲ್ಲಿ ಹೆಸರೂ ಸಿಗಲಿ.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಜಿಲ್ಲೆಯಿಂದ ಟ್ರಂಕು ಹೊತ್ತು ಆ ಕಾಲೇಜಿಗೆ ಹೋದವರು ಇನ್ನೂ ನಮ್ಮ ನಡುವೆ ಇದ್ದಾರೆ. ಓದುಗರು ಈ ವಾರ ಅಂಥ ಒಬ್ಬರ ಮನೆಗೆ ಹೋಗಲಿ, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲಿ, ಕೇಳಿದ್ದನ್ನು ಬರೆದು ಕಳಿಸಲಿ. ಈ ಪತ್ರಿಕೆಯ ಪುಟಗಳಲ್ಲಿ ಅದಕ್ಕೆ ಜಾಗವುಂಟು.