ಹೊಳೆದ ಮಾತ್ರಕ್ಕೆ ಅಂಬರಾಗದು

ನೇರಳಾತೀತ ಕಿರಣ ಬೀರುವ ಪುಟ್ಟ ಟಾರ್ಚೊಂದನ್ನು ಮಣಿಯ ಮೇಲೆ ಹಾಯಿಸಿ, ಅದು ನೀಲಿಯಾಗಿ ಹೊಳೆದೊಡನೆಯೇ 'ಇದು ಅಪ್ಪಟ ಅಂಬರ್' ಎಂದು ಗಿರಾಕಿಯನ್ನು ಒಪ್ಪಿಸುವ ವ್ಯಾಪಾರಕ್ರಮವು ನ್ಯಾಯವಾದುದಲ್ಲ. ಏಕೆಂದರೆ ಆ ಹೊಳಪು ರಾಳದ ಗುಣವನ್ನು ಸೂಚಿಸಬಲ್ಲುದೇ ವಿನಾ ಅದರ ವಯಸ್ಸಿಗೆ ಸಾಕ್ಷಿ ನುಡಿಯಲಾರದು.

ವೃಕ್ಷದಿಂದ ಒಸರಿದ ರಾಳವು ಭೂಗರ್ಭದಲ್ಲಿ ಕೋಟ್ಯಂತರ ವರ್ಷ ಹುದುಗಿದ್ದು ಘನೀಭವಿಸಿದಾಗ ಅಂಬರ್ ಎನಿಸುತ್ತದೆ. ಅದರೊಳಗಣ ಕೆಲವು ಅಣುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ, ಆ ಶಕ್ತಿಯ ಒಂದು ಪಾಲನ್ನು ಉಷ್ಣರೂಪದಲ್ಲಿ ಕಳೆದುಕೊಂಡು, ಮಿಕ್ಕುದನ್ನು ಹೆಚ್ಚು ತರಂಗಾಂತರದ ಗೋಚರ ಪ್ರಕಾಶವಾಗಿ ಹೊರಸೂಸುತ್ತವೆ. ಪ್ರತಿದೀಪ್ತಿಯೆಂಬ ಈ ವಿದ್ಯಮಾನವನ್ನು ಜಾರ್ಜ್ ಸ್ಟೋಕ್ಸ್ 1852ರಲ್ಲಿ ವಿಶದಪಡಿಸಿದನು. ಡೊಮಿನಿಕನ್ ಗಣರಾಜ್ಯದ ನೀಲಿ ಅಂಬರಿನಲ್ಲಿ ಇದರ ಸೊಬಗು ಪರಾಕಾಷ್ಠೆಯನ್ನು ಮುಟ್ಟುತ್ತದೆ: ಕಪ್ಪು ಬಟ್ಟೆಯ ಮೇಲಿಟ್ಟು ಬಿಸಿಲಿಗೊಡ್ಡಿದರೆ ಅದರ ಮೈಯೆಲ್ಲ ನೀಲಿ; ಬೆಳಕಿಗೆ ಅಡ್ಡಹಿಡಿದು ನೋಡಿದರೆ ಅದೇ ತುಂಡು ಜೇನುಬಣ್ಣ.

ಆದರೆ ಈ ಗುಣ ಅಂಬರಿನ ಏಕಸ್ವಾಮ್ಯವಲ್ಲ. ಅಂಬರಿಗಿಂತ ಬಹಳ ಎಳೆಯದಾದ ಕೋಪಲ್ ರಾಳವೂ ಹೊಳೆಯುತ್ತದೆ. ತೈಲಚಿತ್ರಗಳ ಮೇಲೆ ಬಳಿದ ಡಾಮರ್ ರಾಳದ ವಾರ್ನಿಷ್ ಕೂಡ ಇದೇ ಕಿರಣದಡಿ ಹಸುರಾಗಿ ಬೆಳಗುವುದನ್ನು ಚಿತ್ರಸಂರಕ್ಷಕರು ಬಲ್ಲರು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ದೊರೆತ, ಸುಮಾರು 5 ಕೋಟಿ ವರ್ಷ ಹಳೆಯ ಅಂಬರು, ನಮ್ಮ ಪಶ್ಚಿಮಘಟ್ಟದ ಧೂಪದ ಮರದ ಕುಟುಂಬಕ್ಕೇ ಸೇರಿದ ವೃಕ್ಷಗಳ ರಾಳವೆಂದು ವಿಜ್ಞಾನಿಗಳು ನಿರ್ಣಯಿಸಿದುದು ಅದರ ರಾಸಾಯನಿಕ ರಚನೆಯನ್ನು ಶೋಧಿಸಿದ ಮೇಲೆಯೇ ಹೊರತು ಕೇವಲ ಹೊಳಪನ್ನು ನೋಡಿಯಲ್ಲ. ಮೇಲಾಗಿ ಒಂದೇ ಗಟ್ಟಿಯ ಹೊಸ ಸೀಳು ಉಜ್ವಲವಾಗಿಯೂ, ಗಾಳಿ ಬೆಳಕುಗಳಿಗೆ ಈಡಾಗಿ ಮಾಗಿದ ಹೊರಪದರ ಮಂಕಾಗಿಯೂ ತೋರುವುದುಂಟಾಗಿ, ಮಂಕಾದುದೆಲ್ಲ ನಕಲಿಯೆನ್ನುವುದೂ ತಪ್ಪೇ.

ಟಾರ್ಚನ್ನು ತ್ಯಜಿಸಬೇಕೆಂದು ನನ್ನ ವಾದವಲ್ಲ; ಮೊದಲ ನೋಟಕ್ಕೆ ಅದಕ್ಕಿಂತ ಸುಲಭವಾದ, ವಸ್ತುವಿಗೆ ಗಾಯಮಾಡದ ಸಾಧನ ಮತ್ತೊಂದಿಲ್ಲ. ಆದರೆ ಅಷ್ಟಕ್ಕೇ ನಿಲ್ಲಬಾರದು. ಒಂದು ಹನಿ ಅಸಿಟೋನ್ ತಾಕಿದರೆ ಕೋಪಲಿನ ಮೈ ಅಂಟಂಟಾಗುತ್ತದೆ; ಅವಕೆಂಪು ರೋಹಿತದ ಪರೀಕ್ಷೆಯಿಂದ ಬಾಲ್ಟಿಕ್ ಅಂಬರನ್ನು ಗುರುತಿಸಬಹುದು. ಬೆಲೆಬಾಳುವ ಹರಳನ್ನು ಮಾರುವವರು ಅದರ ಮೂಲವನ್ನೂ, ಅದಕ್ಕೆ ನಡೆದ ಸಂಸ್ಕಾರವನ್ನೂ ರಸೀದಿಯಲ್ಲಿ ಬರೆದುಕೊಡಬೇಕು. ಕೊಳ್ಳುವವರು ಪ್ರಯೋಗಾಲಯದ ವರದಿಯನ್ನು ಸಂಕೋಚವಿಲ್ಲದೆ ಕೇಳಬೇಕು.